ಮೋಡಣ್ಣನ ಹೃದಯದ ಲೆಕ್ಕ

ಇಷ್ಟಕ್ಕೆಲ್ಲ ಕಾರಣ ಒಂದು ಗುಂಡಿ, ಅಷ್ಟೆ. ಆರೋಗ್ಯ ಕೇಂದ್ರದ ಇಸಿಜಿ ಯಂತ್ರದ ಮೂಲೆಯಲ್ಲಿರುವ ಬೂದು ಬಣ್ಣದ ಗುಂಡಿ. ಅದನ್ನು ಒಮ್ಮೆ ಒತ್ತಿದರೆ ಕಾಗದ ಎರಡು ಪಟ್ಟು ವೇಗವಾಗಿ ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ಎಂದಿನ ನಡಿಗೆಗೆ ಮರಳುತ್ತದೆ. ಹಿಂದಿನ ದಿನ ಸಂಜೆ ಎಂಟು ದಿನದ ಕೂಸೊಂದರ ಹೃದಯ ನೋಡಬೇಕಾಗಿ ಬಂದಿತ್ತು. ಕೂಸುಗಳ ಹೃದಯ ಬಲು ಅವಸರದ್ದು. ಗೆರೆಗಳು ಒತ್ತೊತ್ತಾಗಿ ಬೀಳುತ್ತವೆಂದು ಡಾಕ್ಟರು ಗುಂಡಿ ಒತ್ತಿ, ಕಾಗದ ಓಡಿಸಿ, ಗೆರೆಗಳನ್ನು ಅಗಲ ಮಾಡಿ ನೋಡಿದರು. ಕೂಸು ಚೆನ್ನಾಗಿತ್ತು. ಡಾಕ್ಟರು ಕೈ ತೊಳೆದುಕೊಂಡು ಮನೆಗೆ ಹೋದರು. ಗುಂಡಿ ಮಾತ್ರ ಒತ್ತಿದ ಹಾಗೇ ಉಳಿಯಿತು. ಮರುದಿನ ಬೆಳಗ್ಗೆ ಆ ಯಂತ್ರದ ಪಕ್ಕ ಬಂದು ಮಲಗಿದ ಮೊದಲ ಮನುಷ್ಯ ನಮ್ಮ ಮೋಡಣ್ಣ. ಬೇರೆ ಯಾರಾದರೂ ಮಲಗಬಾರದಿತ್ತೇ ಎಂದು ನೀವು ಕೇಳಬಹುದು. ಅಂಥ ಒಳ್ಳೆಯ ಹಣೆಬರಹ ಅವನದಲ್ಲ.

ಮೋಡಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಹವಾಮಾನ ಕಚೇರಿಯಲ್ಲಿ ಅವನದು ಟೆಲಿಫೋನ್ ಮೇಜು. ಮಳೆ ಬರುವುದಿಲ್ಲ ಎಂದು ಕಚೇರಿ ಹೇಳಿದ ದಿನ ಮಳೆ ಬಂದರೆ ಊರಿನವರು ಬೈಯುವುದಕ್ಕೆ ಒಂದು ಜಾಗ ಬೇಕಲ್ಲ, ಆ ಜಾಗ ಇವನು. ಬಟ್ಟೆ ಒಣಹಾಕಿದ ಗೃಹಿಣಿಯರು, ಕ್ರೀಡಾಕೂಟ ಇಟ್ಟುಕೊಂಡ ಮೇಷ್ಟ್ರು, ಗೋಡೆಗೆ ಆಗಷ್ಟೇ ಬಣ್ಣ ಬಳಿದವರು, ಎಲ್ಲರೂ ಬಾಯಿಗೆ ಬಂದದ್ದನ್ನು ಬೈಯುತ್ತಿದ್ದರು. ಇವನು ಫೋನನ್ನು ಕಿವಿಗೆ ಹಿಡಿದು, ಕಣ್ಣನ್ನು ಕಿಟಕಿಯಾಚೆಯ ಆಕಾಶಕ್ಕೆ ಬಿಟ್ಟು, ಹೂಂ ಹೂಂ ಎನ್ನುತ್ತಿದ್ದ. ಹನ್ನೊಂದು ವರ್ಷ ಹೀಗೇ ಕಳೆಯಿತು. ಫೋನಿನ ಗಂಟೆ ಬಡಿದಾಗಲೆಲ್ಲ ಅವನಿಗೆ ಜೀವ ಒಂದಿಷ್ಟು ಸವೆದಂತಾಗುತ್ತಿತ್ತು.

ಊರಿನಾಚೆಯ ದಿಬ್ಬದ ಮೇಲೆ ಕಚೇರಿಗೆ ಸೇರಿದ ಒಂದು ಕೋಣೆಯಿತ್ತು. ನಾಲ್ಕು ಗೋಡೆಗೆ ನಾಲ್ಕು ಕಿಟಕಿ, ಒಂದು ಕುರ್ಚಿ, ಒಂದು ದಪ್ಪ ಪುಸ್ತಕ. ಅಲ್ಲಿ ಕೂತವರಿಗೆ ದಿನಕ್ಕೆ ಮೂರು ಸಲ ಆಕಾಶ ನೋಡಿ, ಯಾವ ಮೋಡ, ಎಷ್ಟು ಮೋಡ ಎಂದು ಬರೆಯುವುದೇ ಉದ್ಯೋಗ. ಎಲ್ಲರೂ ಅದನ್ನು ಮೋಡದ ಮನೆ ಎನ್ನುತ್ತಿದ್ದರು. ಅಲ್ಲಿದ್ದ ಮುದುಕರು ನಿವೃತ್ತರಾದರು. ಮೋಡಣ್ಣ ಅದೇ ದಿನ ಅರ್ಜಿ ಬರೆದ. ಇನ್ನೊಬ್ಬರು ಯಾರೋ ಅರ್ಜಿ ಹಾಕಿದ್ದಾರೆಂಬ ಗಾಳಿಸುದ್ದಿಯೂ ಇತ್ತು. ಇಸಿಜಿಯ ಆ ದಿನ ಸಂಜೆ ಐದಕ್ಕೆ ಕಚೇರಿಯ ಮೇಲಧಿಕಾರಿ ಮೇಡಂ ಆದೇಶ ಹೊರಡಿಸುವವರಿದ್ದರು. ಅಷ್ಟರೊಳಗೆ ಅರ್ಜಿಯ ಕೊನೆಯ ಪುಟ ಭರ್ತಿಯಾಗಿ ಬರಬೇಕಿತ್ತು. ಅದು ಆರೋಗ್ಯದ ಪುಟ.

ಇಸಿಜಿ ತೆಗೆಯುವ ಸಿಸ್ಟರು ಅವನ ಎದೆಗೆ ತಣ್ಣನೆಯ ಲೇಪ ಹಚ್ಚಿ ಯಂತ್ರದ ತಂತಿ ಸಿಕ್ಕಿಸಿದ ರಬ್ಬರ್ ಬಟ್ಟಲುಗಳನ್ನು ಅಂಟಿಸಿದರು. ಯಂತ್ರದ ಪುಟ್ಟ ಪರದೆ ತಿಂಗಳ ಹಿಂದೆಯೇ ಕಣ್ಣು ಮುಚ್ಚಿತ್ತು. ಗೆರೆ ಎಳೆಯುವುದಷ್ಟೇ ಅದರ ಕೆಲಸ, ಲೆಕ್ಕವೆಲ್ಲ ಸಿಸ್ಟರದು. ಕಾಗದ ಸರಸರನೆ ಹೊರಗೆ ಬರತೊಡಗಿತು. ಮೋಡಣ್ಣ ತಲೆ ವಾಲಿಸಿ ನೋಡಿದ. ಒಂದು ಚೂಪು ಶಿಖರ, ಸ್ವಲ್ಪ ಬಯಲು, ಆಮೇಲೆ ದುಂಡನೆಯ ಗುಡ್ಡ, ಮತ್ತೆ ಉದ್ದಾನುದ್ದ ಬಯಲು. ಆ ದುಂಡು ಗುಡ್ಡದ ಮೇಲೆ ನಾಲ್ಕು ಕಿಟಕಿಯ ಕೋಣೆಯೊಂದು ಕಾಣಿಸಿತು. ಅದರೊಳಗೆ ತಾನೇ ಕೂತಿದ್ದ. ಕಿಟಕಿಯಿಂದ ಬಿಳಿ ಮೋಡವೊಂದು ಒಳಗೆ ಬಂದು ಪುಸ್ತಕದ ಮೇಲೆ ಮಲಗಿತು. ಇವನೂ ಮಲಗಿಬಿಟ್ಟ.

ಎಚ್ಚರವಾದಾಗ ಸಿಸ್ಟರು ಕಾಗದದ ಸಣ್ಣ ಚೌಕಗಳನ್ನು ಪೆನ್ಸಿಲ್ ತುದಿಯಿಂದ ಎಣಿಸುತ್ತಿದ್ದರು. ಮೂರು ಸಲ ಎಣಿಸಿದರು. ಮುಖ ಸಪ್ಪಗಾಯಿತು. ಏನಾಯಿತೆಂದು ಇವನು ಕೇಳಿದ.

"ಹೃದಯ ಒಂದ್ಸಲ ಬಿಗಿದು ಮತ್ತೆ ಸಡಿಲ ಆಗೋಕೆ ಹಿಡಿಯೋ ಹೊತ್ತಿಗೆ ಕ್ಯೂಟಿ ಅಂತೀವಿ" ಎಂದರು ಸಿಸ್ಟರು. "ಈ ಚೂಪು ಶಿಖರದ ಬುಡದಿಂದ ಈ ಗುಡ್ಡ ಇಳಿದು ನೆಲ ಮುಟ್ಟೋವರೆಗೂ. ಓಡೋ ಹೃದಯಕ್ಕೆ ಇದು ಚಿಕ್ಕದಾಗತ್ತೆ, ನಿಧಾನದ ಹೃದಯಕ್ಕೆ ಉದ್ದ ಆಗತ್ತೆ. ಹಾಗಾಗಿ ಎಲ್ಲರನ್ನೂ ನಿಮಿಷಕ್ಕೆ ಅರವತ್ತು ಬಡಿತದ ಲೆಕ್ಕಕ್ಕೆ ತಂದು ಅಳೀಬೇಕು. ಎರಡು ಬಡಿತದ ನಡುವಿನ ಹೊತ್ತಿಗೆ ವರ್ಗಮೂಲ ತೆಗೆದು, ಅದರಿಂದ ಭಾಗಿಸೋದು. ಸೆಕೆಂಡನ್ನ ಸಾವಿರ ಪಾಲು ಮಾಡಿದ್ರೆ, ಗಂಡಸರಿಗೆ ಅದರಲ್ಲಿ ನಾನೂರ ಐವತ್ತರ ಒಳಗಿರಬೇಕು."

"ನಂದು ಎಷ್ಟಿದೆ?"

"ಐನೂರ ಅರವತ್ತೊಂಬತ್ತು."

ಅವರ ಲೆಕ್ಕದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಒಂದು ಚೌಕವೆಂದರೆ ಒಂದು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು. ಬಡಿತದಿಂದ ಬಡಿತಕ್ಕೆ ನಲವತ್ತು ಚೌಕ, ಅಂದರೆ ಒಂದು ಪಾಯಿಂಟ್ ಆರು ಸೆಕೆಂಡು. ಕ್ಯೂಟಿ ಹದಿನೆಂಟು ಚೌಕ, ಸೊನ್ನೆ ಪಾಯಿಂಟ್ ಏಳು ಎರಡು. ಮೊದಲನೆಯದರ ವರ್ಗಮೂಲದಿಂದ ಎರಡನೆಯದನ್ನು ಭಾಗಿಸಿದರೆ ಬರುವುದು ಅದೇ. ಕಾಗದ ಎರಡು ಪಟ್ಟು ಓಡಿತ್ತು, ಚೌಕದ ಬೆಲೆ ಅರ್ಧಕ್ಕಿಳಿದಿತ್ತು ಎಂಬುದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕಾಗದದ ಅಂಚಿನಲ್ಲಿ ಯಂತ್ರ ಪ್ರಾಮಾಣಿಕವಾಗಿ ವೇಗ ಬರೆದೇ ಇತ್ತು. ಅರ್ಜಿಯ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲವೆಂದು ಸಿಸ್ಟರು ಆ ಅಂಚನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ, ಉಳಿದದ್ದನ್ನು ಅಂಟಿಸಿದರು. ಬಡಿತ ಎಂಬ ಜಾಗದಲ್ಲಿ ಮೂವತ್ತೇಳು ಎಂದು ಬರೆದರು. ಇಷ್ಟು ನಿಧಾನವೇ ಎಂದು ಅವರಿಗೊಂದು ಗಳಿಗೆ ಅನುಮಾನ ಬಂದದ್ದು ನಿಜ. ಆದರೆ ಈ ಮನುಷ್ಯ ಬಾಗಿಲಿನಿಂದ ಹಾಸಿಗೆಗೆ ನಡೆದು ಬಂದ ರೀತಿ ನೆನಪಾಗಿ ಅನುಮಾನ ಹೋಯಿತು.

ಡಾಕ್ಟರು ಇನ್ನೊಂದು ಕೋಣೆಯಿಂದ ಬಂದು ನಿಂತಲ್ಲೇ ಸಹಿ ಹಾಕಿದರು. ಮುಂದಿನ ವಾರ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಅಲ್ಲಿಯವರೆಗೆ ಓಡಬಾರದು, ಬೆಚ್ಚಿಬೀಳಬಾರದು ಎಂದರು. ಇಂಥ ಹೃದಯಕ್ಕೆ ತಟ್ಟನೆ ಕೇಳುವ ಸದ್ದು ಆಗುವುದಿಲ್ಲ, ಅಲಾರಂ, ಟೆಲಿಫೋನ್ ಗಂಟೆ, ಅಂಥವು. ಏನು ಕೆಲಸ ಎಂದು ಕೇಳಿದರು. ಮೋಡಣ್ಣ ಹೇಳಿದ. ಡಾಕ್ಟರು ಅವನನ್ನೊಮ್ಮೆ ಕನಿಕರದಿಂದ ನೋಡಿ, ನಿಮ್ಮ ಮೇಲಧಿಕಾರಿಗೆ ನಾನೇ ಫೋನ್ ಮಾಡಿ ತಿಳಿಸುತ್ತೇನೆ ಎಂದರು.

ಅಲ್ಲಿಗೆ ಮುಗಿಯಿತು ಎಂದುಕೊಂಡ ಮೋಡಣ್ಣ. ಹೃದಯದ ಚಿಂತೆ ಅವನಿಗೆ ಆಮೇಲೆ ಹತ್ತಿದ್ದು. ಮೊದಲು ಹತ್ತಿದ್ದು ಮೋಡದ ಮನೆ ಕೈತಪ್ಪಿತೆಂಬ ಸಂಕಟ. ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಮೇಲೆ ಗರಿಮೋಡಗಳು ಸಾಲುಹಿಡಿದು ಹೋಗುತ್ತಿದ್ದವು, ಅವನ್ನೂ ನೋಡಲಿಲ್ಲ.

ಕಚೇರಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು. ಟೈಪಿಸ್ಟ್ ಅಕ್ಕ ಅವನ ಮುಖ ನೋಡಿ ಕಾಗದ ಕಸಿದುಕೊಂಡು ಓದಿದಳು. ಮೂವತ್ತೇಳು ಎಂಬುದನ್ನು ನೋಡಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಒಂದು ಲೋಟ ಕಾಫಿಯನ್ನು ಮುಕ್ಕಾಲು ಗಂಟೆ ಕುಡಿಯುವವನ ಹೃದಯ ಇನ್ನು ಹೇಗೆ ಬಡಿದೀತು ಎಂದು ಎಲ್ಲರೂ ತಲೆಯಾಡಿಸಿದರು. ಒಬ್ಬರಾದರೂ ಅವನ ಕೈ ಹಿಡಿದು ನಾಡಿ ನೋಡಲಿಲ್ಲ.

ಅಂಕಿ ಅಂಶದ ವಿಭಾಗದಲ್ಲಿ ಒಬ್ಬರಿದ್ದರು. ವರ್ಷದ ಮಳೆ, ಬಿಸಿಲು, ಗಾಳಿ ಎಲ್ಲಕ್ಕೂ ಸರಾಸರಿ ತೆಗೆಯುವುದೇ ಅವರ ಕಸುಬು. ಹಾಗಾಗಿ ಸರಾಸರಿ ಸಾರ್ ಎಂದೇ ಹೆಸರು. ಅವರು ಕನ್ನಡಕ ಏರಿಸಿಕೊಂಡು, ಸಿಸ್ಟರಿಗೇನು ಗೊತ್ತು ಲೆಕ್ಕ, ಕೊಡಿ ಇಲ್ಲಿ ಎಂದು ಕುಳಿತರು. ಸೊನ್ನೆ ಪಾಯಿಂಟ್ ಏಳು ಎರಡನ್ನು ಒಂದು ಪಾಯಿಂಟ್ ಆರರಿಂದ ಭಾಗಿಸಿ, ಸರಿಯಾಗಿ ನಾನೂರ ಐವತ್ತು ಎಂದು ಸಾರಿದರು. ಮೋಡಣ್ಣನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ವರ್ಗಮೂಲ ತೆಗೆದಿರಾ ಎಂದು ಟೈಪಿಸ್ಟ್ ಅಕ್ಕ ಕೇಳಿದಳು. ಅವರು ನಾಲಿಗೆ ಕಚ್ಚಿಕೊಂಡು ವರ್ಗಮೂಲ ತೆಗೆದರು. ಆದರೆ ಗಡಿಬಿಡಿಯಲ್ಲಿ ಭಾಗಿಸುವ ಬದಲು ಗುಣಿಸಿಬಿಟ್ಟರು. ಒಂಬೈನೂರ ಹನ್ನೊಂದು ಬಂತು. ಈ ಲೆಕ್ಕದ ಪ್ರಕಾರ ಇವನು ಇಷ್ಟು ಹೊತ್ತಿಗೆ ನಮ್ಮ ನಡುವೆ ಇರಬಾರದು ಎಂದು ಮೆಲ್ಲಗೆ ಹೇಳಿ, ಕ್ಯಾಲ್ಕುಲೇಟರನ್ನು ಜೇಬಿಗಿಟ್ಟುಕೊಂಡರು.

ಆಮೇಲೆ ಶುರುವಾಯಿತು ಉಪಚಾರ. ಸದ್ದಾಗಬಾರದಲ್ಲ. ಟೈಪಿಸ್ಟ್ ಅಕ್ಕ ಟೈಪು ನಿಲ್ಲಿಸಿದಳು. ಎಲ್ಲರೂ ಚಪ್ಪಲಿ ಕಳಚಿ ತುದಿಗಾಲಲ್ಲಿ ಓಡಾಡಿದರು. ಕಪಾಟಿನ ಬಾಗಿಲು ಕಿರುಗುಟ್ಟುತ್ತದೆಂದು ಅದಕ್ಕೆ ಬೀಗ ಹಾಕಿದರು, ಆ ದಿನದ ಕಡತಗಳೆಲ್ಲ ಅದರೊಳಗೇ ಉಳಿದವು. ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಒಳ್ಳೆಯದಲ್ಲವೆಂದು ಸರಾಸರಿ ಸಾರ್ ಸ್ಟೂಲು ಹತ್ತಿ ಅದನ್ನು ನಿಲ್ಲಿಸಿದರು. ಆಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಟೆಲಿಫೋನನ್ನು ಶಾಲಿನಲ್ಲಿ ಸುತ್ತಲು ಅಕ್ಕ ಎತ್ತಿಕೊಂಡಳೋ ಇಲ್ಲವೋ, ಅದು ಬಡಿದುಕೊಂಡಿತು. ಆ ಕಡೆ ಮೋಡಣ್ಣನ ಹೆಂಡತಿ. ಅಕ್ಕ ಪಿಸುದನಿಯಲ್ಲಿ ವಿಷಯ ತಿಳಿಸಿ, ನಿಮಿಷಕ್ಕೆ ಮೂವತ್ತೇಳೇ ಸಲ ಬಡಿಯುತ್ತಿದೆ ಎಂದಳು.

"ಮೂವತ್ತೇಳಾ" ಎಂದಳು ಹೆಂಡತಿ. "ಅಷ್ಟೊಂದು ಬಡಿಯತ್ತಾ?"

ಹಾಗೆಂದ ಮೇಲೆ ಅವಳಿಗೂ ಎದೆ ಧಸಕ್ಕೆಂದಿತು. ಅವರನ್ನು ಅಲ್ಲಾಡಿಸಬೇಡಿ, ಸಂಜೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅಳುದನಿಯಲ್ಲಿ ಹೇಳಿ ಇಟ್ಟಳು. ಟೆಲಿಫೋನು ಶಾಲು ಹೊದ್ದು ಮೇಜಿನ ಸೆಳೆಖಾನೆ ಸೇರಿತು. ಮೋಡಣ್ಣನನ್ನು ಎರಡು ಕುರ್ಚಿ ಸೇರಿಸಿ ಮಲಗಿಸಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ನಿಶ್ಶಬ್ದ. ಕಿಟಕಿಯಲ್ಲಿ ಮಧ್ಯಾಹ್ನದ ಮೋಡಗಳು ಒಂದಾದ ಮೇಲೊಂದು ಬಂದು ನಿಂತು ಹೋದವು. ಒಂದು ಮೋಡ ದೋಣಿಯಾಯಿತು, ದೋಣಿ ಕರಗಿ ಹಂಸವಾಯಿತು. ಅವನಿಗೆ ಸುಖವಾಗಿ ನಿದ್ದೆ ಬಂತು, ನಿದ್ದೆಯಲ್ಲೂ ದುಃಖವಿತ್ತು.

ಅವನನ್ನು ಎಬ್ಬಿಸಿದ್ದು ನಕ್ಷೆಯವರು. ಇವರು ಕಚೇರಿಯ ಹಳಬರು, ಮೂವತ್ತು ವರ್ಷದಿಂದ ಹವಾಮಾನದ ನಕ್ಷೆಗಳನ್ನು ಬರೆಯುತ್ತಿದ್ದವರು. ಅಳತೆಯಲ್ಲಿ ಕೂದಲೆಳೆ ತಪ್ಪಿದರೂ ಊಟ ಸೇರದ ಮನುಷ್ಯ. ಆರೋಗ್ಯದ ಪುಟ ಅವರ ಕೈಯಲ್ಲಿತ್ತು. ಅದನ್ನು ಬೆಳಕಿಗೆ ಹಿಡಿದು, ಮುಖ ಗಂಟಿಕ್ಕಿಕೊಂಡು ನಿಂತಿದ್ದರು.

"ಇದಕ್ಕೆ ಅಳತೆ ಎಲ್ಲಪ್ಪ?" ಎಂದರು.

ಮೋಡಣ್ಣನಿಗೆ ಅರ್ಥವಾಗಲಿಲ್ಲ.

"ಒಂದು ಚೌಕಕ್ಕೆ ಎಷ್ಟು ಅಂತ ಮೂಲೆಯಲ್ಲಿ ಬರ್ದಿರಬೇಕು. ಯಾವ ನಕ್ಷೆಗಾದ್ರೂ ಬರ್ದಿರ್ತಾರೆ. ಇಲ್ಲಿ ಮೂಲೆನೇ ಕತ್ತರಿಸಿಬಿಟ್ಟಿದಾರೆ. ಕೈ ಕೊಡು ಇಲ್ಲಿ."

ನಾಡಿ ಹಿಡಿದು, ತಮ್ಮ ಕೈಗಡಿಯಾರ ನೋಡುತ್ತ ಒಂದು ನಿಮಿಷ ನಿಂತರು. ಎಪ್ಪತ್ತೈದು. ಇನ್ನೊಂದು ನಿಮಿಷ ಹಿಡಿದರು. ಎಪ್ಪತ್ತಾರು. ಕಾಗದದಲ್ಲಿ ಮೂವತ್ತೇಳು, ಕೈಯಲ್ಲಿ ಅದರ ಎರಡರಷ್ಟು. ನಕ್ಷೆಯವರಿಗೆ ಎಲ್ಲ ಹೊಳೆದುಹೋಯಿತು. ನಿನ್ನ ಹೃದಯ ಸರಿಯಾಗಿದೆ, ಕಾಗದ ಓಡಿದೆ ಎಂದರು. ಮೋಡಣ್ಣ ಗೋಡೆ ಗಡಿಯಾರ ನೋಡಿ, ಇನ್ನೂ ಹನ್ನೆರಡೂ ಆಗಿಲ್ಲವಲ್ಲ, ನಿಧಾನವಾಗಿ ಹೋಗೋಣ ಎಂದ. ಅದು ನಿಂತು ಎಷ್ಟು ಹೊತ್ತಾಯಿತೆಂದು ಅವನಿಗೇನು ಗೊತ್ತು. ಆಗ ನಾಲ್ಕು ಹೊಡೆಯಲು ಐದು ನಿಮಿಷವಿತ್ತು.

ಇಬ್ಬರೂ ಓಡಿದರು. ಮೋಡಣ್ಣ ಓಡಿದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಓಡಬೇಡ, ಸತ್ತುಹೋಗುತ್ತೀಯ ಎಂದು ಸರಾಸರಿ ಸಾರ್ ಬರಿಗಾಲಲ್ಲಿ ಹಿಂದೆ ಓಡಿ ಬಂದರು, ಮೊದಲ ತಿರುವಿನಲ್ಲೇ ಏದುಸಿರು ಬಿಡುತ್ತ ಕೂತರು.

ಸಿಸ್ಟರು ಗುಂಡಿ ನೋಡಿ ತಲೆಯ ಮೇಲೆ ಕೈ ಹೊತ್ತರು. ಅದನ್ನೊತ್ತಿ, ಮತ್ತೆ ಬಟ್ಟಲು ಅಂಟಿಸಿ, ಹೊಸ ಕಾಗದ ಎಳೆದರು. ಓಡಿ ಬಂದ ಹೃದಯ, ನಿಮಿಷಕ್ಕೆ ನೂರಿಪ್ಪತ್ತು ಬಡಿಯುತ್ತಿತ್ತು. ಬಡಿತದಿಂದ ಬಡಿತಕ್ಕೆ ಹನ್ನೆರಡೂವರೆ ಚೌಕ, ಕ್ಯೂಟಿ ಎಂಟು ಚೌಕ. ವರ್ಗಮೂಲ ತೆಗೆದು ಭಾಗಿಸಿದರೆ ನಾನೂರ ಐವತ್ತಮೂರು. ಮಿತಿಗಿಂತ ಮೂರೇ ಮೂರು ಜಾಸ್ತಿ. ನಕ್ಷೆಯವರು, ಮೂರು ತಾನೇ, ಬಿಡಿ ಎನ್ನಲು ಹೋದವರು ತಮ್ಮ ಕಸುಬು ನೆನೆದು ಬಾಯಿ ಮುಚ್ಚಿಕೊಂಡರು. ಹೃದಯ ಓಡುತ್ತಿರುವಾಗ ಈ ಸೂತ್ರ ಸ್ವಲ್ಪ ಹೆಚ್ಚಿಸಿಯೇ ಹೇಳುತ್ತದೆ, ಶಾಂತವಾದ ಮೇಲೆ ತೆಗೆದರೆ ಸರಿಹೋದೀತು ಎಂದರು ಸಿಸ್ಟರು. ಆದರೆ ಗಂಟೆ ನಾಲ್ಕೂಕಾಲು. ಬೇಗ ಶಾಂತನಾಗು ಎಂದು ನಕ್ಷೆಯವರು ಅವಸರಪಡಿಸಿದರು. ಅವಸರಪಡಿಸಿದಷ್ಟೂ ಎದೆ ನಗಾರಿಯಂತೆ ಬಡಿಯಿತು.

ಕೊನೆಗೆ ಸಿಸ್ಟರೇ ಕಿಟಕಿಯ ಪರದೆ ಸರಿಸಿ, ಎಲ್ಲರೂ ಸುಮ್ಮನಿರಿ ಎಂದರು. ಆಚೆ ಸಂಜೆಯ ಆಕಾಶ. ಮೋಡಣ್ಣ ಅತ್ತ ತಿರುಗಿದ. ಹಿಂಜಿದ ಹತ್ತಿಯಂಥ ಒಂದು ಮೋಡ ಎಲ್ಲಿಗೂ ಹೋಗುವ ಅವಸರವಿಲ್ಲದೆ ಬರುತ್ತಿತ್ತು. ಅದರ ಹಿಂದೆ ಇನ್ನೊಂದು, ಅಂಚಿಗೆ ಬಿಸಿಲು ಮೆತ್ತಿಕೊಂಡದ್ದು. ಇನ್ನು ಇಷ್ಟೇ ಇರುತ್ತದೆ ಬದುಕು, ಒಂದು ಕುರ್ಚಿ, ನಾಲ್ಕು ಕಿಟಕಿ, ಇವುಗಳ ಹೆಸರು ಬರೆಯುವುದು ಎಂದುಕೊಂಡ. ಕಣ್ಣಲ್ಲಿ ನೀರು ತುಂಬಿತು. ಎದೆ ತೊಟ್ಟಿಲಿನ ಹಾಗೆ ಮೆಲ್ಲಗೆ ಮೆಲ್ಲಗೆ ತೂಗತೊಡಗಿತು. ಸಿಸ್ಟರು ಸದ್ದಿಲ್ಲದೆ ಯಂತ್ರ ನಡೆಸಿದರು. ಇಪ್ಪತ್ತು ಚೌಕ, ಒಂಬತ್ತು ಚೌಕ. ನಾನೂರ ಎರಡು.

ಡಾಕ್ಟರು ಸಹಿ ಹಾಕಿ, ಕೆಳಗೆ ದೊಡ್ಡದಾಗಿ, ಬೆಳಗಿನ ವರದಿ ರದ್ದು, ಹೃದಯ ಸಂಪೂರ್ಣ ಆರೋಗ್ಯವಾಗಿದೆ ಎಂದು ಬರೆದುಕೊಟ್ಟರು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಇಬ್ಬರೂ ಮೇಡಂ ಕೋಣೆಗೆ ನುಗ್ಗಿದರು. ಬಾಗಿಲಲ್ಲಿ ಟೈಪಿಸ್ಟ್ ಅಕ್ಕ, ಸರಾಸರಿ ಸಾರ್, ಗಂಡನನ್ನು ಕರೆದೊಯ್ಯಲು ಬಂದ ಹೆಂಡತಿ, ಎಲ್ಲರೂ ಕತ್ತು ಚಾಚಿ ನಿಂತರು.

ಮೇಡಂ ಕಾಗದವನ್ನು ಪೂರ್ತಿ ಓದಿದರು. ಆಮೇಲೆ ಮೇಜಿನ ಮೇಲಿದ್ದ ಇನ್ನೊಂದು ಕಾಗದವನ್ನು ಕೈಗೆತ್ತಿಕೊಂಡರು. ಅದು ಮೋಡದ ಮನೆಯ ಆದೇಶ. ಸಹಿ ಆಗಿತ್ತು, ಮೊಹರೂ ಬಿದ್ದಿತ್ತು. ಅದರಲ್ಲಿ ಮೋಡಣ್ಣನ ಹೆಸರೇ ಇತ್ತು.

"ಮಧ್ಯಾಹ್ನವೇ ಬರ್ದಿಟ್ಟಿದ್ದೆ" ಎಂದರು ಮೇಡಂ. "ಸೇವೆಯಲ್ಲಿ ಹಿರಿಯರಿಗೆ ಮೊದಲು ಕೊಡಬೇಕು ಅನ್ನೋದು ನಿಯಮ. ಆದ್ರೆ ನಂಗೆ ನಿಮಗೇ ಕೊಡೋ ಮನಸ್ಸಿತ್ತು. ಏನು ಕಾರಣ ಬರೆಯೋದು ಅಂತ ಒದ್ದಾಡ್ತಿದ್ದೆ. ಅಷ್ಟರಲ್ಲಿ ಡಾಕ್ಟ್ರು ನನ್ನ ಕೋಣೆ ಫೋನಿಗೆ ಮಾಡಿ, ಇವರನ್ನ ಟೆಲಿಫೋನ್ ಗಂಟೆಯಿಂದ ದೂರ ಇಡಿ ಅಂದ್ರು. ಇದಕ್ಕಿಂತ ಒಳ್ಳೆ ಕಾರಣ ಬೇಕಾ?"

ಆ ಕೆಲಸಕ್ಕೆ ಗಟ್ಟಿ ಹೃದಯ ಬೇಕಲ್ಲವೇ ಎಂದು ಮೋಡಣ್ಣ ಕೇಳಿದ.

"ಆಕಾಶ ನೋಡೋಕೆ ಗಟ್ಟಿ ಹೃದಯ ಯಾಕ್ರೀ? ಕುರ್ಚಿ ಇದ್ರೆ ಸಾಕು. ಆ ಪುಟ ಬರೀ ಕಡತಕ್ಕೆ."

ಬೆಳಗಿನದ್ದೇ ಸರಿ ಇರಬಹುದು ಮೇಡಂ, ಈಗಲೂ ಎದೆ ಹೇಗೆಹೇಗೋ ಆಗುತ್ತಿದೆ ಎಂದ ಮೋಡಣ್ಣ. ಅದು ಸುಳ್ಳಾಗಿರಲಿಲ್ಲ. ಹೆಂಡತಿಯೂ ಬಾಗಿಲಿನಿಂದಲೇ, ನಮ್ಮನೆಯವರು ಮೊದಲಿನಿಂದಲೂ ಬಹಳ ನಿಧಾನ ಎಂದು ಸಾಕ್ಷಿ ನುಡಿದಳು. ಸರಾಸರಿ ಸಾರ್ ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದು, ಎರಡು ವರದಿಗಳ ಸರಾಸರಿ ತೆಗೆದರೆ ನಾನೂರ ಎಂಬತ್ತೈದೂವರೆ ಬರುತ್ತದೆ, ಅದೂ ಅಪಾಯವೇ ಎಂದು ತಿಳಿಸಿದರು. ಜನ್ಮದಲ್ಲಿ ಮೊದಲ ಬಾರಿ ಅವರ ಲೆಕ್ಕ ಸರಿಯಾಗಿತ್ತು. ಆದರೆ ಡಾಕ್ಟರ ಸಹಿಯ ಮುಂದೆ ಅದು ನಡೆಯಲಿಲ್ಲ. ಬರೆಯಲು ಕಾರಣವೇ ಉಳಿಯಲಿಲ್ಲ, ಇನ್ನು ಹಿರಿತನದ ನಿಯಮವೇ ಎಂದು ಮೇಡಂ ನಿಟ್ಟುಸಿರು ಬಿಟ್ಟು ಆದೇಶದಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆದರು. ಬರೆದದ್ದನ್ನು ನಕ್ಷೆಯವರ ಕೈಗೆ ಕೊಟ್ಟರು.

ನಕ್ಷೆಯವರ ಮುಖ ಕೆಂಪಾಯಿತು. "ಅರ್ಜಿ ಹಾಕಿದ್ದು ನಾನೇ ಕಣಪ್ಪ" ಎಂದರು. "ನಿಂಗೆ ಹೇಳ್ಬೇಕು ಅಂತಿದ್ದೆ. ಅಳತೆ ತಪ್ಪಿದ್ದು ಕಣ್ಣಿಗೆ ಬಿದ್ಮೇಲೆ ಬೇರೇನೂ ನೆನಪಿಗೆ ಬರ್ಲಿಲ್ಲ. ನಿಜವಾಗ್ಲೂ."

ಅದು ನಿಜವೆಂದು ಮೋಡಣ್ಣನಿಗೆ ಗೊತ್ತಿತ್ತು. ಬೈಯಲು ಒಬ್ಬನಾದರೂ ಕೆಟ್ಟವನು ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹೊರಟ. ಬಾಗಿಲ ಬಳಿ ಮೇಡಂ ಕರೆದು ನಿಲ್ಲಿಸಿದರು. ದಿಬ್ಬದಿಂದ ದಿನಕ್ಕೆ ಮೂರು ಸಲ ಮೋಡದ ವರದಿ ಫೋನಿನಲ್ಲಿ ಬರುತ್ತದೆ, ಅದಕ್ಕೆಂದೇ ನಾಳೆಯಿಂದ ಇನ್ನೊಂದು ಟೆಲಿಫೋನು ಹಾಕಿಸುತ್ತಿದ್ದೇವೆ, ಯಾರ ಮೇಜಿಗೆ ಎಂದು ಯೋಚಿಸುತ್ತಿದ್ದೆ, ನಿಮ್ಮ ಹೃದಯ ಇಷ್ಟು ಗಟ್ಟಿ ಇದೆಯಲ್ಲ, ನಿಮ್ಮಲ್ಲೇ ಇರಲಿ ಎಂದರು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹೊಸ ಫೋನು ಬಡಿದುಕೊಂಡಿತು. ಆ ತುದಿಯಲ್ಲಿ ನಕ್ಷೆಯವರು. ಮೂವತ್ತು ವರ್ಷ ಕಾಗದದ ಮೇಲಿನ ಗೆರೆ ನೋಡಿದವರು, ಆಕಾಶವನ್ನು ಎಂದೂ ತಲೆ ಎತ್ತಿ ನೋಡಿದವರಲ್ಲ.

"ಮೋಡಣ್ಣ, ಇದು ಯಾವ್ದು ಅಂತ ಗೊತ್ತಾಗ್ತಿಲ್ಲ ಕಣಪ್ಪ. ಬೆಳ್ಳಗಿದೆ. ಒಂದರ ಪಕ್ಕ ಒಂದು. ಅಳೆಯೋಣ ಅಂದ್ರೆ ನಿಂತಲ್ಲಿ ನಿಲ್ತಿಲ್ಲ."

ಮೋಡಣ್ಣ ಕಣ್ಣು ಮುಚ್ಚಿದ. ಅಂಚು ಚೂಪಾಗಿದೆಯೇ, ಮೆತ್ತಗಿದೆಯೇ ಎಂದು ಕೇಳಿದ. ಮೆತ್ತಗಿದೆ ಎಂದರು. ನಡುವೆ ನೀಲಿ ಕಾಣುತ್ತದೆಯೇ ಎಂದ. ಕಾಣುತ್ತದೆ, ತುಂಬ ಚೆನ್ನಾಗಿ ಕಾಣುತ್ತದೆ ಎಂದರು ನಕ್ಷೆಯವರು, ಅವರ ದನಿಯಲ್ಲಿ ಮಗುವಿನ ಸಂತೋಷವಿತ್ತು. ಮೋಡಣ್ಣ ಆ ಮೋಡದ ಹೆಸರು ಹೇಳಿದ. ಹಾಗಾದರೆ ಅದನ್ನೇ ಬರೆದುಕೋ ಎಂದರು ಅವರು. ಅವನು ಬರೆದುಕೊಳ್ಳುತ್ತಿರುವಾಗ ಪಕ್ಕದ ಹಳೆಯ ಫೋನು ಬಡಿದುಕೊಳ್ಳತೊಡಗಿತು. ಯಾರದೋ ಬಟ್ಟೆ ಒದ್ದೆಯಾಗಿತ್ತು.